ಸೋಮವಾರದ ತೂಕ

ಸೋಮವಾರ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಫುಟ್‌ಬಾಲ್ ತಂಡದ ಹುಡುಗಿಯರು ತೂಕದ ಯಂತ್ರದ ಮುಂದೆ ಸಾಲಾಗಿ ನಿಂತಿದ್ದರು. ಬೂಟು, ಕಾಲುಚೀಲ, ಕೂದಲಿನ ಕ್ಲಿಪ್ಪು, ಕಿವಿಯೋಲೆ ಎಲ್ಲ ಬೆಂಚಿನ ಮೇಲಿದ್ದವು. ಒಬ್ಬಳಿಗಂತೂ ಗಂಟಲು ಒಣಗಿದ್ದರೂ ನೀರಿನ ಬಾಟಲಿ ಮುಟ್ಟುವ ಧೈರ್ಯವಿರಲಿಲ್ಲ. ಯಂತ್ರದ ಪಕ್ಕದಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡು ಕೋಚ್ ಮೇಡಂ ನಿಂತಿದ್ದರು.

ಗೋಲು ಕಾಯುವ ಹುಡುಗಿಯನ್ನು ತಂಡದವರೆಲ್ಲ ‘ಗೋಡೆ’ ಎಂದೇ ಕರೆಯುತ್ತಿದ್ದರು. ಅವಳ ಸರದಿ ಬಂತು.

“ಮೇಡಂ, ಉಸಿರು ಬಿಟ್ಟು ನಿಲ್ಲಲಾ, ಹಿಡ್ಕೊಂಡು ನಿಲ್ಲಲಾ? ಯಾವುದು ಹಗುರ?”

“ನಾಲಿಗೆ ತೆಗೆದಿಟ್ಟು ನಿಲ್ಲು. ಅರ್ಧ ಭಾರ ಅಲ್ಲೇ ಇದೆ.”

ಎಲ್ಲರೂ ನಕ್ಕರು. ಗೋಡೆ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಳು. ಆಮೇಲೆ ಹತ್ತಿರ ಬಂದು, “ಮೇಡಂ, ಇವತ್ತು ಓಟ ಬಿಡ್ಲಾ? ಪೀರಿಯಡ್ಸು. ಹೊಟ್ಟೆ ಕಿವುಚ್ತಾ ಇದೆ,” ಎಂದಳು.

“ನಮ್ಮ ಗಾಳಿಯನ್ನ ನೋಡು. ಅವಳಿಗೆ ಆ ರಗಳೆ ನಿಂತು ವರ್ಷವಾಯ್ತು. ಮೈ ಆಟಕ್ಕೆ ಒಗ್ಗಿದ್ರೆ ತಾನಾಗೇ ನಿಲ್ಲುತ್ತೆ ಕಣೆ.”

ಗಾಳಿ ಎಂದರೆ ಎಡಬದಿಯಲ್ಲಿ ಕಾಲಲ್ಲಿ ಚೆಂಡು ಒಯ್ಯುತ್ತಾ ಓಡುವ ಹುಡುಗಿ. ಅವಳು ಓಡಿದರೆ ಎದುರು ತಂಡದವರು ಬರೀ ಬೆನ್ನು ನೋಡಬೇಕಿತ್ತು. ಹೊಗಳಿಕೆ ಕೇಳಿ ಅವಳು ತಲೆ ತಗ್ಗಿಸಿ ಮುಸಿಮುಸಿ ನಕ್ಕಳು. ಉಳಿದವರು ಅವಳ ತೆಳ್ಳಗಿನ ತೋಳುಗಳನ್ನು ಆಸೆಗಣ್ಣಿನಿಂದ ನೋಡಿದರು.

ಮೇಡಂ ಕೆಟ್ಟವರಲ್ಲ. ಹುಡುಗರು ಆಡಿ ಬಿಸಾಡಿದ ಚೆಂಡುಗಳಲ್ಲಿ ಈ ತಂಡ ಕಟ್ಟಿದವರು ಅವರು. ಹೆಣ್ಣುಮಕ್ಕಳಿಗೆ ಸಂಜೆ ಮೈದಾನ ಬಿಟ್ಟುಕೊಡಿ ಎಂದು ಪ್ರಾಂಶುಪಾಲರ ಬಾಗಿಲಿಗೆ ಅಲೆದು ಅಲೆದು ಚಪ್ಪಲಿ ಸವೆಸಿದ್ದರು. ಆದರೆ ಮುಟ್ಟು ನಿಂತವಳೇ ಗಟ್ಟಿ ಆಟಗಾರ್ತಿ ಎಂಬ ಮಾತನ್ನು ಅವರಿಗೆ ಅವರ ಕೋಚ್ ಹೇಳಿದ್ದರು, ಆ ಕೋಚ್‌ಗೆ ಇನ್ನೊಬ್ಬರು ಹೇಳಿದ್ದರು. ಅದನ್ನು ಯಾರೂ ಒರೆಗೆ ಹಚ್ಚಿ ನೋಡಿರಲಿಲ್ಲ. ಗೆದ್ದವರ ಬಾಯಿಂದ ಬಂದ ಮಾತನ್ನು ಪ್ರಶ್ನೆ ಮಾಡುವವರು ಕಡಿಮೆ.

ಅದೇ ವಾರ, ಪಂದ್ಯಾವಳಿಯ ಫೈನಲ್‌ಗೆ ಇನ್ನೇನು ಕೆಲವೇ ದಿನ ಇರುವಾಗ, ಅಭ್ಯಾಸದಲ್ಲಿ ಗಾಳಿ ಬಿದ್ದಳು. ಯಾರೂ ತಳ್ಳಲಿಲ್ಲ, ಯಾರ ಕಾಲೂ ಅಡ್ಡ ಬರಲಿಲ್ಲ. ಸಮತಟ್ಟಾದ ಹುಲ್ಲಿನ ಮೇಲೆ ಒಬ್ಬಳೇ ಓಡುತ್ತಿದ್ದವಳು ಕುಸಿದಳು. ಮೇಡಂ “ಏಳು, ಏಳು” ಎಂದು ಚಪ್ಪಾಳೆ ತಟ್ಟುತ್ತಲೇ ಹೋದರು. ಹತ್ತಿರ ಹೋಗಿ ಅವಳ ಮೊಣಕಾಲಿನ ಕೆಳಗೆ ನೋಡಿದಾಗ ಅವರ ಕೈ ಅಲ್ಲೇ ನಿಂತುಹೋಯಿತು.

ಮೂಳೆ ಡಾಕ್ಟರು ವಯಸ್ಸಾದ ಹೆಂಗಸು. ಎಕ್ಸ್‌ರೇ ನೋಡಿ, “ಈ ಮೂಳೆ ಮೊದಲೇ ಬಿರುಕು ಬಿಟ್ಟಿತ್ತು. ತುಂಬಾ ದಿನದಿಂದ ನೋವಿತ್ತಲ್ವಾ?” ಎಂದು ಕೇಳಿದರು. ಹುಡುಗಿ ಮೇಡಂ ಮುಖ ನೋಡಿ, ಇಲ್ಲವೆಂದು ತಲೆಯಾಡಿಸಿದಳು.

“ಪೀರಿಯಡ್ಸ್ ಸರಿಯಾಗಿ ಆಗ್ತಿದ್ಯಾ?”

“ನಿಂತಿದೆ ಡಾಕ್ಟ್ರೇ,” ಎಂದಳು ಗಾಳಿ. ಆ ನೋವಿನಲ್ಲೂ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಮೇಡಂ ಅವರನ್ನು ಹೊರಗೆ ಕರೆದರು. “ಇದು ಗಟ್ಟಿಯಾದ ಮೈ ಅಲ್ಲ, ಹಸಿದ ಮೈ. ಓಡೋಕೆ ಬೇಕಾದಷ್ಟು ಅನ್ನ ಹೊಟ್ಟೆಗೆ ಬೀಳ್ದೆ ಇದ್ರೆ ಮೈ ಒಂದೊಂದೇ ಕೆಲಸ ನಿಲ್ಸುತ್ತೆ. ಮೊದಲು ಮುಟ್ಟು ನಿಲ್ಲುತ್ತೆ. ಆಮೇಲೆ ಮೂಳೆ ಸವೆಯುತ್ತೆ. ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲಾರೆ.”

“ನಮ್ಮ ಕಾಲದಲ್ಲಿ ಎಲ್ಲರಿಗೂ ಹೀಗೇ ಆಗ್ತಿತ್ತಲ್ಲ?”

“ಆ ಎಲ್ಲರೂ ಈಗ ಹೇಗಿದ್ದಾರೆ?”

ಮೇಡಂಗೆ ಗೊತ್ತಿತ್ತು. ಜೊತೆಗೆ ಆಡಿದ ಗೆಳತಿ ಈ ವಯಸ್ಸಿಗೇ ಕೋಲು ಹಿಡಿದಿದ್ದಳು. ತಾವು ಬಚ್ಚಲಲ್ಲಿ ಸ್ವಲ್ಪ ಜಾರಿದ್ದಕ್ಕೇ ಮಣಿಕಟ್ಟು ಮುರಿದಿತ್ತು. ಅದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿ ಇಷ್ಟು ದಿನ ನಿಶ್ಚಿಂತೆಯಿಂದಿದ್ದರು.

ಮರುದಿನ ಪ್ರಾಂಶುಪಾಲರ ಮುಂದೆ ನಿಂತು, ಇನ್ನು ತೂಕ ನೋಡುವುದಿಲ್ಲ, ಹುಡುಗಿಯರನ್ನೆಲ್ಲ ಡಾಕ್ಟರಿಗೆ ತೋರಿಸಬೇಕು, ಬೇಕಾದರೆ ಫೈನಲ್ ಬಿಡೋಣ ಎಂದರು.

“ಫೈನಲ್ ಬಿಡೋದಾ? ಕಪ್ಪು ಬಂದ್ರೆ ತಾನೇ ಮೇಡಂ ನಿಮ್ಮ ತಂಡಕ್ಕೆ ಮೈದಾನ, ಹಾಸ್ಟೆಲ್ಲು, ಎಲ್ಲ? ನೀವೇ ಬೆಳೆಸಿದ ಶಿಸ್ತು ಇದು. ಕಾಲು ಮುರಿಯೋದು ಆಟದಲ್ಲಿ ಇದ್ದದ್ದೇ,” ಎಂದರು ಪ್ರಾಂಶುಪಾಲರು. ಆ ಶಿಸ್ತಿನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ.

ಮೇಡಂ ತಾವೇ ಹೋಗಿ ಯಂತ್ರವನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಹುಡುಗಿಯರನ್ನು ಕೂರಿಸಿ, ತಾವು ಹೇಳಿದ್ದು ತಪ್ಪು, ಹೊಟ್ಟೆ ತುಂಬ ಊಟ ಮಾಡಿ ಎಂದರು. ಎಲ್ಲರೂ ಹೂಂಗುಟ್ಟಿದರು. ಎರಡೇ ದಿನಕ್ಕೆ ಗೋಡೆ ಬಂದು ಗುಟ್ಟು ಒಡೆದಳು.

“ನೀವು ಬೀಗ ಹಾಕಿದ್ರೆ ಏನ್ ಮೇಡಂ, ಔಷಧಿ ಅಂಗಡಿ ಮುಂದೆ ಯಂತ್ರ ಇದೆಯಲ್ಲ. ಎಲ್ಲರೂ ಅಲ್ಲಿಗೆ ಹೋಗ್ತಾರೆ. ನೀವು ಮನಸ್ಸಿನಲ್ಲೇ ತೂಕ ಹಾಕ್ತೀರಿ, ಸುಮ್ನೆ ಪರೀಕ್ಷೆ ಮಾಡ್ತಿದ್ದೀರಿ ಅಂತಾರೆ.”

“ನೀನು?”

ಗೋಡೆ ನೆಲ ನೋಡಿದಳು. “ನಾನೂ ಹೋಗಿದ್ದೆ.”

ಮೇಡಂ ಒಂದು ಸೀಟಿ ಊದಿದರೆ ಇಡೀ ತಂಡ ನಿಲ್ಲುತ್ತಿತ್ತು, ಓಡುತ್ತಿತ್ತು. ಈ ಒಂದು ಓಟವನ್ನು ನಿಲ್ಲಿಸಲು ಅವರ ಬಳಿ ಏನೂ ಇರಲಿಲ್ಲ.

ಆ ಮಧ್ಯಾಹ್ನ ಆಸ್ಪತ್ರೆಗೆ ಹೋದರು. ವಾರ್ಡಿನ ಬಾಗಿಲಲ್ಲೇ ಗಾಳಿಯ ತಾಯಿ ಸಿಕ್ಕಳು. “ಊಟ ಮಾಡೇ ಅಂದ್ರೆ, ಸೋಮವಾರ ತೂಕ ಇದೆ ಅಮ್ಮಾ ಅಂತಿದ್ಲು. ಮೇಡಂಗೆ ಗೊತ್ತಿರುತ್ತೆ ಅಂತ ನಾನೂ ಸುಮ್ನಾದೆ. ಈಗ ನೀವೇ ಹೇಳಿ, ತಿನ್ನಿಸಿ. ನನ್ನ ಮಾತು ಅವಳ ಕಿವಿಗೆ ಬೀಳ್ತಿಲ್ಲ.” ಬೈದಿದ್ದರೆ ಮೇಡಂಗೆ ಎಷ್ಟೋ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ.

ಕಾಲಿಗೆ ಹಾಕಿದ ಪ್ಲಾಸ್ಟರನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಗಾಳಿ ಮಲಗಿದ್ದಳು. ಪಕ್ಕದ ಮೇಜಿನ ಮೇಲೆ ಊಟದ ತಟ್ಟೆ ಮುಚ್ಚಿದಂತೆಯೇ ಇತ್ತು.

“ಮೇಡಂ, ಒಂದು ಕೇಳ್ಲಾ?” ಎಂದಳು. “ತೂಕ ನೋಡುವಾಗ ಪ್ಲಾಸ್ಟರಿನ ಭಾರ ಕಳೀತೀರಲ್ವಾ?”

ಮೇಡಂ ಕಣ್ಣು ತುಂಬಿ ಬಂತು. ಅಳುವ ಹಕ್ಕು ತಮಗಿಲ್ಲವೆನಿಸಿ ನುಂಗಿಕೊಂಡರು. “ತೂಕ ಇಲ್ಲ ಮಗಳೇ. ಇನ್ನು ಯಾವತ್ತೂ ಇಲ್ಲ. ನಾನು ಹೇಳಿಕೊಟ್ಟಿದ್ದು ತಪ್ಪು. ಊಟ ಮಾಡು.”

“ಬೇಡ ಮೇಡಂ. ಹಸಿವಿಲ್ಲ.” ಅವಳ ಕಣ್ಣಲ್ಲಿ, ಇದೂ ಪರೀಕ್ಷೆಯೇ ಎಂಬ ಅದೇ ಅನುಮಾನವಿತ್ತು. ತಿಂದರೆ ಸೋತಂತೆ.

ಮೇಡಂ ಹೇಳಿದರು, ಗದರಿದರು, ಕೈಮುಗಿದರು. ಹುಡುಗಿ ಮುಖ ಕಿಟಕಿಯ ಕಡೆ ತಿರುಗಿಸಿದಳು. ಇನ್ನೇನು ಎದ್ದು ಹೋಗಬೇಕು, ಆಗ ಮೇಡಂ ತಟ್ಟೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದರು. ಅನ್ನ, ಬೇಯಿಸಿದ ತರಕಾರಿ, ಒಂದು ಮೊಟ್ಟೆ. ಮೊದಲ ತುತ್ತು ಬಾಯಿಗಿಟ್ಟರು. ಎರಡನೆಯದನ್ನೂ ಇಟ್ಟರು. ಮೂರನೆಯ ತುತ್ತಿಗೆ ಕೈ ತಟ್ಟೆಯಲ್ಲೇ ಉಳಿಯಿತು.

ಹುಡುಗಿ ತಿರುಗಿ ನೋಡಿದಳು. ಇಷ್ಟು ವರ್ಷದಲ್ಲಿ ಮೇಡಂ ಉಣ್ಣುವುದನ್ನು ಅವಳು ನೋಡಿರಲೇ ಇಲ್ಲ.

“ಯಾಕೆ ಮೇಡಂ ನಿಲ್ಸಿದ್ರಿ?”

“ಭಯ ಆಗ್ತಿದೆ ಕಣೆ,” ಎಂದರು ಮೇಡಂ. ಅವರ ದನಿ ಚಿಕ್ಕ ಹುಡುಗಿಯ ದನಿಯಂತಿತ್ತು. “ನಿನ್ನ ವಯಸ್ಸಿನಲ್ಲಿ ಶುರುವಾಗಿದ್ದು. ಇನ್ನೂ ಹೋಗಿಲ್ಲ. ಒಂದು ತುತ್ತು ಜಾಸ್ತಿ ಆದ್ರೂ ಯಾರೋ ಬೈತಾರೆ ಅನ್ನಿಸುತ್ತೆ. ಬೈಯೋರು ಯಾರೂ ಈಗ ಬದುಕಿಲ್ಲ.”

ಬಾಗಿಲ ಬಳಿ ನಿಂತಿದ್ದ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಾಳಿ ತಟ್ಟೆಯಲ್ಲೇ ಉಳಿದಿದ್ದ ಮೇಡಂ ಅವರ ಕೈಯನ್ನು ನೋಡಿದಳು. ಆಮೇಲೆ ಮೊಣಕೈ ಊರಿ, ಹಲ್ಲು ಕಚ್ಚಿ ಎದ್ದು ಕೂತಳು.

“ಕೊಡಿ ಇಲ್ಲಿ,” ಎಂದು ತಟ್ಟೆಯನ್ನು ಇಬ್ಬರ ನಡುವೆ ಎಳೆದುಕೊಂಡಳು. “ನೀವೊಬ್ರೇ ತಿಂದು ಮುಗಿಸೋಕಾಗಲ್ಲ.”

ಮೊಟ್ಟೆಯನ್ನು ಎರಡು ಹೋಳು ಮಾಡಿ, ದೊಡ್ಡದನ್ನು ಮೇಡಂ ಕಡೆ ಸರಿಸಿದಳು. ಚಿಕ್ಕದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡು ಅಗಿಯತೊಡಗಿದಳು.