ಅಂಟು ಹಾಕಿದ ಹಲ್ಲು

ಹಲ್ಲಿನ ಬಗ್ಗೆ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಮ್ಮ ಯಜಮಾನರು ಹೇಳಿಕೊಳ್ಳುತ್ತಾರೆ. ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುತ್ತಿದ್ದಾರೆ. ಬರುವ ಗಿರಾಕಿಗಳಲ್ಲಿ ಒಬ್ಬರಿಗೂ ಸ್ವಂತ ಹಲ್ಲಿಲ್ಲ ಎನ್ನುವುದನ್ನು ಮಾತ್ರ ಬಾಯಿ ಬಿಡುವುದಿಲ್ಲ.

ನಮ್ಮ ಆರೂವರೆ ವರ್ಷದ ಮೊಮ್ಮಗಳನ್ನು ನಾವು ಕರೆಯುವುದೇ ಪಟಪಟಿ ಎಂದು. ಅಂಥವಳು ಒಂದು ವಾರದಿಂದ ಮೌನಗೌರಿಯಾಗಿದ್ದಳು. ಏನು ಕೇಳಿದರೂ “ಹ್ಞೂಂ”, ಇಲ್ಲವೇ “ಊಹೂಂ”. ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಶಾಲೆಯಲ್ಲಿ ಯಾರ ಜೊತೆಗೋ ಟೂ ಬಿಟ್ಟಿರಬೇಕು ಎಂದುಕೊಂಡೆ.

“ಈಗ ಗಾಂಭೀರ್ಯ ಬಂದಿದೆ, ನನ್ನ ಥರ,” ಎಂದು ತಾತ ಉಬ್ಬಿದರು.

ಅತ್ತ ಅವರ ಕೋಣೆಯಲ್ಲಿ ಅಂಟಿನ ಟ್ಯೂಬುಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಸೆಟ್ಟು ವಸಡಿಗೆ ಕಚ್ಚಿಕೊಳ್ಳಲೆಂದು ಹಚ್ಚುವ ಗುಲಾಬಿ ಬಣ್ಣದ ಅಂಟು ಅದು. ಅನುಮಾನ ಯಾರ ಮೇಲೆ? ನನ್ನ ಮೇಲೆ.

“ಗುಟ್ಟಾಗಿ ನಿನ್ನ ಹಲ್ಲೂ ಹೋಯ್ತೇನೇ?”

“ಬೇಕಾದ್ರೆ ಎಣಿಸ್ಕೊಳ್ಳಿ!” ಎಂದು ಬಾಯಿ ಅಗಲಿಸಿದೆ. ಆ ಮಹಾಶಯರು ನಿಜವಾಗಿಯೂ ಎಣಿಸಿದರು.

ಮಂಗಳವಾರ ಬೆಳಿಗ್ಗೆ ತಲೆ ಬಾಚಲು ಕರೆದರೆ ಹುಡುಗಿ ಬಾಯಿಯನ್ನೇ ತೆರೆಯಲೊಲ್ಲಳು. ನೋಡಿದರೆ ತುಟಿಯೆರಡೂ ಒಂದಾಗಿ, ಅಂಚಿನಲ್ಲಿ ಗುಲಾಬಿ ಬಣ್ಣ. ಬಿಸಿನೀರಿನ ಬಟ್ಟೆಯಿಂದ ಒರೆಸಿ ಒರೆಸಿ ಬಿಡಿಸಿದೆ. ಒಳಗೆ ಅಂಟಿನ ಗುಡ್ಡ. ಅದರ ನಡುವೆ ಕೆಳಗಿನ ಮುಂದಿನ ಹಲ್ಲೊಂದು ಅಲುಗಾಡುತ್ತಿತ್ತು.

ಬಟ್ಟೆ ಬಿಸಾಡಿ ಅವಳ ದವಡೆ ಮುಟ್ಟಿ ನೋಡಿದೆ. ಮೂರು ವರ್ಷದ ಹಿಂದೆ ಇವಳಿಗೆ ಹೀಗೇ ಶುರುವಾಗಿತ್ತು. ಹೊಟ್ಟೆಯಲ್ಲಿದ್ದ ಕ್ಯಾನ್ಸರ್ ಗಡ್ಡೆ ದವಡೆಗೆ ಹಬ್ಬಿ, ವಸಡು ಊದಿ, ಗಟ್ಟಿಯಾಗಿರಬೇಕಾದ ಎರಡು ದವಡೆಹಲ್ಲು ಅಲುಗಾಡಿ ಬಿದ್ದಿದ್ದವು. ಆಮೇಲೆ ಎರಡು ವರ್ಷ ಆಸ್ಪತ್ರೆಯೇ ಮನೆ. ವಾಸಿಯಾಗಿದೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತಷ್ಟೆ.

“ಯಾಕೆ ಹೇಳ್ಲಿಲ್ಲ ಪುಟ್ಟಿ?”

“ನೀನು ಅಳ್ತೀಯ ಅಂತ,” ಎಂದು ತೊದಲಿದಳು. “ಅಮ್ಮಂಗೂ ಹೇಳ್ಬೇಡ ಅಜ್ಜಿ. ಇನ್ನೊಂಚೂರು ಅಂಟು ಹಾಕಿದ್ರೆ ನಿಲ್ಲತ್ತೆ.”

ತಾತ ಗಾಬರಿಯಲ್ಲಿ ಮೇಜಿನ ಮೇಲಿನ ಫೋನು ಎತ್ತಿಕೊಳ್ಳುವ ಬದಲು ಯಾರದೋ ಸೆಟ್ಟನ್ನು ಜೇಬಿಗೆ ಹಾಕಿಕೊಂಡು ನಮ್ಮಿಬ್ಬರೊಂದಿಗೆ ಆಸ್ಪತ್ರೆಗೆ ಓಡಿದರು. ಅಲ್ಲಿಯ ಕೌಂಟರಿನಲ್ಲಿ ಹಳೆಯ ಚೀಟಿ ಕೇಳಿದಾಗ, ಅದರ ಫೋಟೊ ಫೋನಿನಲ್ಲಿದೆ ಎಂದು ಆ ಹಲ್ಲುಗಳನ್ನೇ ತೆಗೆದು ಕೊಟ್ಟರು. ಅಲ್ಲಿದ್ದವಳು ಕಿರುಚಿಕೊಂಡಳು.

ಹಲ್ಲಿನ ಡಾಕ್ಟರಮ್ಮ ದವಡೆಯ ಎಕ್ಸ್‌ರೇ ತೆಗೆಸಿದರು. ಫಿಲ್ಮನ್ನು ನೋಡಿದರು, ನಮ್ಮನ್ನು ನೋಡಿದರು.

“ಇವಳಿಗೀಗ ಎಷ್ಟು ವಯಸ್ಸು?”

“ಆರೂವರೆ,” ಎಂದರು ತಾತ.

“ಆರೂವರೆಗೆ ಹಾಲುಹಲ್ಲು ಬೀಳ್ದೆ ಇನ್ಯಾವಾಗ ಬೀಳ್ಬೇಕು? ನೋಡಿ, ಕೆಳಗೆ ಹೊಸ ಹಲ್ಲು ಬರ್ತಾ ಇದೆ. ಕ್ಯಾನ್ಸರ್ ಔಷಧಿಯಿಂದ ಬೇರು ಸ್ವಲ್ಪ ಗಿಡ್ಡ ಆಗಿದೆ, ಇರ್ಲಿ. ಮೂಳೆ ಚೆನ್ನಾಗಿದೆ. ಎಲ್ಲಾ ಮಕ್ಕಳಿಗೂ ಬೀಳೋ ಹಾಗೇ ಬೀಳ್ತಿದೆ.”

ನಲವತ್ತು ವರ್ಷದ ಹಲ್ಲಿನ ಪಂಡಿತರಿಗೆ ಹಾಲುಹಲ್ಲು ಎಂಬುದೊಂದು ಇದೆಯೆಂಬುದೇ ನೆನಪಾಗಿರಲಿಲ್ಲ. ಅವರನ್ನು ಆಡಿಕೊಳ್ಳಲು ನನಗೆ ಯಾವ ಮುಖ? ಮೂರು ಮಕ್ಕಳನ್ನು ಹೆತ್ತು ಸಾಕಿದವಳು ನಾನು. ಈ ಮಗುವಿಗೂ ಬೇರೆ ಮಕ್ಕಳಿಗೆ ಆಗುವಂಥದ್ದೇ ಆಗಬಹುದು ಎಂದು ನಾವು ಯಾರೂ ಎಣಿಸಿಯೇ ಇರಲಿಲ್ಲ. ಅಷ್ಟು ಜನರ ಮುಂದೆ ನಾಚಿಕೆ ಬಿಟ್ಟು ಗೊಳೋ ಎಂದು ಅತ್ತೆ. ತಾತ ಗೋಡೆಯ ಕಡೆ ತಿರುಗಿ, ಫ್ಯಾನು ಸರಿಯಿಲ್ಲವೆಂದು ಬೈಯತೊಡಗಿದರು.

ಪಟಪಟಿ ಕುರ್ಚಿಯಿಂದಲೇ ನನ್ನ ಸೆರಗು ಜಗ್ಗಿದಳು.

“ಅಜ್ಜಿ, ಹಾಗಾದ್ರೆ ನಾನು ಬಿಟ್ಬಿಡ್ಲಾ?”

“ಏನನ್ನೇ?”

“ಹಲ್ಲನ್ನ. ನಾಲಿಗೆ ನೋಯ್ತಿದೆ.”

ಅಂಟು ಸಾಲದೆಂದು ನಾಲಿಗೆಯಿಂದಲೂ ಒತ್ತಿ ಹಿಡಿದಿದ್ದಳು. ಪಾಠದ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ, ನಾವಿಬ್ಬರೂ ಹಲ್ಲು ಎಣಿಸುತ್ತ ಜಗಳವಾಡುವಾಗ, ಎಂಟು ದಿನ ಒಬ್ಬಳೇ ಹಿಡಿದುಕೊಂಡಿದ್ದಳು.

“ಬಿಡು ಕಂದ,” ಎಂದೆ. “ಬಿದ್ಹೋಗ್ಲಿ, ಬಿಟ್ಬಿಡು.”