ಮುಯ್ಯಿಗೆ ಬರೆದ ಪರೀಕ್ಷೆ

ಬಿತ್ತನೆ ಆಲೂಗೆಡ್ಡೆ ಕುಯ್ಯುತ್ತಿದ್ದೆವು. ಒಂದೊಂದು ಹೋಳಿನಲ್ಲೂ ಒಂದು ಮೊಳಕೆಯಾದರೂ ಉಳಿಯುವಂತೆ ಕುಯ್ದು, ಬೂದಿಯಲ್ಲಿ ಹೊರಳಿಸಿ, ಗೋಣಿಯ ಮೇಲೆ ಹರವಬೇಕು. ಕುಯ್ಯುವುದು ನಾನು, ಬೂದಿ ಹಚ್ಚುವುದು ನೀಲಗಂಗಮ್ಮ. ಅವಳಿಗೆ ಒಂದೇ ಕಣ್ಣು. ಕೈಗೆ ಕತ್ತಿ ಕೊಡುವ ಧೈರ್ಯ ನನಗಿಲ್ಲ.

“ಏನ್ ಪಾರ್ವತಕ್ಕ, ಬೆಳಗ್ಗಿಂದ ಬಾಯಿಗೆ ಬೀಗ ಆಕ್ಕಂಡಿದ್ದೀಯ? ಮೊಳಕೆ ಇಲ್ದಿರೋದ್ನೂ ಕುಯ್ದು ಆಕ್ತಿದ್ದೀಯಲ್ಲ, ಒಂಟಿಗಣ್ಣಿ ನಾನೋ ನೀನೋ?” ಎಂದಳು.

ನನ್ನ ಮನಸ್ಸು ಒಳಗೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಕಾಗದದ ಮೇಲಿತ್ತು. ರಂಜನಿ ಬರೆದದ್ದು. ಬಂದು ಎಂಟು ತಿಂಗಳಾಗಿತ್ತು.

ರಂಜನಿ ಹೊಳೆನರಸೀಪುರದ ಅರ್ಚಕರ ಮಗಳು. ತೊಂಬತ್ತೆರಡರಲ್ಲಿ ನಮ್ಮ ಹಳೇಕೋಟೆಗೆ ರಾತ್ರಿ ಶಾಲೆ ನಡೆಸಲು ಬಂದಾಗ ಅವಳಿಗೆ ಇಪ್ಪತ್ತೊಂದು, ನನಗೆ ಐವತ್ತು. ನಾವು ಇಪ್ಪತ್ತೆರಡು ಹೆಂಗಸರು. ಬಳಪ ಹಿಡಿದರೆ ನನ್ನ ಬೆರಳು ಕುಡುಗೋಲು ಹಿಡಿದಂತೆ ಮಡಚಿಕೊಳ್ಳುತ್ತಿತ್ತು. ಅಷ್ಟು ಮಡಿಯ ಮನೆಯ ಹುಡುಗಿ ಹಿಂದೆ ಬಂದು ಕೂತು, ಸಗಣಿ ವಾಸನೆಯ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ತಿದ್ದಿಸುತ್ತಿದ್ದಳು.

ಆರು ತಿಂಗಳಿಗೆ ಪರೀಕ್ಷೆ ಬಂತು. ನನ್ನದು ಬೇಗ ಮುಗಿಯಿತು. ಪಕ್ಕದಲ್ಲಿ ನೀಲಗಂಗಮ್ಮ ಒಂದಕ್ಷರವೂ ಬರೆಯದೆ ಬೆವರುತ್ತಿದ್ದಳು. ನಮ್ಮ ಕಡೆ ಮುಯ್ಯಿಗೆ ಕಳೆ ಕೀಳಲು ಹೋದರೆ, ತನ್ನ ಸಾಲು ಮುಗಿಸಿದವಳು ಹಿಂದೆ ಬಿದ್ದವಳ ಸಾಲಿಗೆ ಕೈ ಹಾಕಬೇಕು. ಎಲ್ಲರದೂ ಮುಗಿಯದೆ ಯಾರೂ ಬದು ಹತ್ತುವಂತಿಲ್ಲ. ಇವತ್ತು ನಾನು ಅವಳಿಗೆ, ನಾಳೆ ಅವಳು ನನಗೆ. ನಾನು ಅವಳ ಪೇಪರು ಎಳೆದುಕೊಂಡೆ. ಆಮೇಲೆ ಇನ್ನೊಬ್ಬಳದು. ಬರೆಯಬಲ್ಲ ಐದು ಜನ ಸೇರಿ ಮಿಕ್ಕ ಹದಿನೇಳನ್ನೂ ಬರೆದು ಮುಗಿಸಿದೆವು. ತಪ್ಪು ಅಂತ ಒಬ್ಬರಿಗೂ ಅನ್ನಿಸಲಿಲ್ಲ. ರಂಜನಿ ಹೊರಗೆ ಜಗಲಿಯಲ್ಲಿ ಹಾಸನದಿಂದ ಬಂದ ಸಾಹೇಬರನ್ನು ಉಪಚರಿಸುತ್ತಿದ್ದಳು.

ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಪಾಸು. ಈ ಊರು ಕಲಿತಾಯಿತು ಎಂದು ಸಾಹೇಬರು ಬರೆದುಕೊಂಡು, ಶಾಲೆಯ ಹಲಗೆ ಲಾಟೀನು ಕಟ್ಟಿಕೊಂಡು ಹೋದರು.

“ಹಾಸನದಲ್ಲಿ ಗುಮಾಸ್ತೆ ಕೆಲಸಕ್ಕೆ ಆರ್ಡರ್ ಬಂದಿದೆ ಪಾರ್ವತಮ್ಮ. ನಾನು ಹೋಗಲ್ಲ,” ಎಂದು ರಂಜನಿ ನನ್ನ ಕೈ ಹಿಡಿದು ಅತ್ತಳು. “ನನ್ನ ಕೈಲಿ ಜನ ಕಲೀತಾರೆ ಅಂತ ಇವತ್ತು ಗೊತ್ತಾಯ್ತು. ಇನ್ನು ಟೀಚರ್ ಕೆಲಸವೇ, ಸಾಯೋವರೆಗೂ.”

ನಾನು ಅವಳ ತಲೆ ಸವರಿದೆ.

ಮರುವರ್ಷ ನೀಲಗಂಗಮ್ಮನ ಕಣ್ಣು ಹೋಯಿತು. ಗೂಡಿನಲ್ಲಿ ಎರಡು ಪುಟ್ಟ ಬಾಟಲಿ. ಒಂದು ಅವಳ ಕಣ್ಣಿಗೆ, ಇನ್ನೊಂದು ಮಗನ ಕೈಯ ನರಹುಲಿ ಸುಡುವುದಕ್ಕೆ. ಕಾಂಪೌಂಡರು ಪಾಪ, ದಪ್ಪಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದರು. ‘ಕಣ್ಣಿಗೆ’ ಅಂತ ಮೂರೇ ಅಕ್ಷರ. ಅವಳು ಇನ್ನೊಂದನ್ನು ಬಿಟ್ಟುಕೊಂಡಳು. ಆ ಮೂರು ಅಕ್ಷರವನ್ನು ಅವಳ ಪೇಪರಿನಲ್ಲಿ ನಾನೇ ಬರೆದಿದ್ದೆ.

ಈಗ ಹದಿಮೂರು ವರ್ಷದ ಮೇಲೆ ರಂಜನಿಯ ಕಾಗದ, ಅರಕಲಗೂಡಿನ ಕಡೆಯ ಒಂದು ಶಾಲೆಯಿಂದ. ‘ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹೆಸರು ಬರೆಯಲು ಬರುವುದಿಲ್ಲ. ಹೊಲದಲ್ಲಿ ದುಡಿದು ಬಂದ ಅಜ್ಜಿಯರು ಆರು ತಿಂಗಳಲ್ಲಿ ಕಲಿತರು, ನಿಮಗೇನು ರೋಗ ಎಂದು ಬೈಯುತ್ತೇನೆ. ಮೊನ್ನೆ ಒಂದು ಹುಡುಗಿಗೆ ಬಾಸುಂಡೆ ಬರುವ ಹಾಗೆ ಹೊಡೆದುಬಿಟ್ಟೆ. ಅವತ್ತು ನನ್ನ ಕೈಯಲ್ಲಿದ್ದದ್ದು ಎಲ್ಲಿ ಹೋಯಿತು ಪಾರ್ವತಮ್ಮ? ನೀವಾದರೂ ಹೇಳಿ.’

ಅವತ್ತೂ ಇರಲಿಲ್ಲ ಎಂದು ಹೇಗೆ ಬರೆಯಲಿ? ಬರೆಯದಿದ್ದರೆ ಆ ಹುಡುಗಿ ಇನ್ನೆಷ್ಟು ಏಟು ತಿನ್ನಬೇಕು? ಎಂಟು ತಿಂಗಳು ಇದೇ ಆಯಿತು. ಇನ್ನು ವಾರಕ್ಕೆ ಶಾಲೆ ಬಾಗಿಲು ತೆಗೆಯುತ್ತಾರೆ.

ಕತ್ತಿ ಕೆಳಗಿಟ್ಟು, ಕಾಗದ ತಂದು ಓದಿ ಹೇಳಿದೆ. ನೀಲಗಂಗಮ್ಮ ಬೂದಿಯ ಕೈ ಹಾಗೇ ಇಟ್ಟುಕೊಂಡು ಕೇಳಿದಳು.

“ಆ ಟೀಚರ್ ಮಗೀಗೆ ನಿಜ ಯೇಳಿಲ್ವಾ ನೀನು?”

“ಯೇಳುದ್ರೆ ಅವ್ಳು ಮುರುದ್ಬಿದ್ದೋಯ್ತಾಳೆ ಕಣೆ.”

“ಈಗೇನು ನೆಟ್ಟಗೆ ನಿಂತವ್ಳಾ?” ಸೆರಗಿನಲ್ಲಿ ಮೂಗೊರೆಸಿಕೊಂಡಳು. “ನಂದ್ ನಾನೇ ತಪ್ಪೋ ಒಪ್ಪೋ ಗೀಚಿದ್ರೆ ಫೇಲಾಯ್ತಿದ್ದೆ. ಫೇಲಾಗಿದ್ರೆ ಆ ಮಗು ಲಾಟೀನ್ ಬುಡ್ತಿರ್ಲಿಲ್ಲ, ಇನ್ನೊಂದ್ ವರ್ಸ ಕೂರುಸ್ತಿತ್ತು. ನಂಗೆ ಕಲಿಯಾಕೆ ಬುಡ್ನಿಲ್ಲ ಕಣಕ್ಕ ನೀನು.”

ಹನ್ನೆರಡು ವರ್ಷದಲ್ಲಿ ಅವಳು ಈ ಮಾತು ಆಡಿದ್ದು ಅದೇ ಮೊದಲು. ಕೋಪದಲ್ಲಿ ಆಡಿದ್ದರೆ ತಡೆದುಕೊಳ್ಳಬಹುದಿತ್ತು.

ಅಲ್ಲೇ ಕೂತು ಬರೆದೆ. ಹದಿನೇಳು ಪೇಪರಿನ ವಿಷಯ ಬರೆದೆ, ಬಾಟಲಿಯ ವಿಷಯ ಬರೆದೆ. ‘ತಾಯಿ, ಕಲಿತವರು ಐದೇ ಜನ. ನಮ್ಮನ್ನು ತೋರಿಸಿ ಮಕ್ಕಳನ್ನು ಹೊಡೆಯಬೇಡ’ ಎಂದು ಬರೆದೆ. ಸಮಾಧಾನಕ್ಕೆ ಇನ್ನೊಂದು ಸಾಲು ಸೇರಿಸೋಣವೆಂದು ಬಹಳ ಹೊತ್ತು ಕೂತೆ. ಸುಳ್ಳಾಗದಂಥದ್ದು ಹೊಳೆಯಲಿಲ್ಲ.

“ನಂದೂ ಇರ್ಲಿ,” ಎಂದು ನೀಲಗಂಗಮ್ಮ ಕೆಳಗಡೆ ಹೆಬ್ಬೆಟ್ಟು ಒತ್ತಿದಳು. ಗೆಡ್ಡೆಯ ನೀರು, ಬೂದಿ ಸೇರಿ ಗುರುತು ಕಪ್ಪಗೆ ಮೂಡಿತು. ಅವಳ ಹೆಸರನ್ನು ಪಕ್ಕದಲ್ಲಿ ಬರೆಯಲು ಹೋದ ಕೈಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ.

ಮಧ್ಯಾಹ್ನ ಅಂಚೆಯ ಪಂಚಾಕ್ಷರಯ್ಯನ ಸೈಕಲ್ಲು ಬಂತು.

“ಏನಜ್ಜಿ, ಮಸಿ ಆಗೈತಲ್ಲ. ಬೇರೆ ಬರ್ಕೊಡಾದಾ?”

“ಬ್ಯಾಡ ಕಣಪ್ಪ. ಅಂಗೇ ಓಗ್ಲಿ.”

ಅವನು ಕವರಿನ ಬಾಯಿಗೆ ಎಂಜಲು ಸವರಿ ಮುಚ್ಚಿ, ಚೀಲಕ್ಕೆ ಹಾಕಿಕೊಂಡು ಹೋದ.