ಅಪ್ಪನ ಜೋಡಿ ಲೋಡು

ಬೀಟೆಮರದ ವಾಸನೆ, ಹಸಿ ಎಣ್ಣೆ ಬಳಿದ ಬೀಟೆಮರದ ವಾಸನೆ, ಪಡಸಾಲೆ ದಾಟಿ ಅಡುಗೆಮನೆಗೇ ನುಗ್ಗಿತಲ್ಲ, ನೀಲಾಂಬಿಕೆಯ ಕೈ ಸೌಟಿನ ಮೇಲೇ ನಿಂತುಬಿಟ್ಟಿತು — ಹೊಳೆನರಸೀಪುರದ ಅಪ್ಪನ ಗರಡಿ ಇಲ್ಲಿ ಹಾಸನಕ್ಕೆ ಹೇಗೆ ಬಂತು, ಅಪ್ಪ ಹೋದಮೇಲೆ ಆ ಗರಡಿಯ ಕೆಮ್ಮಣ್ಣಿನ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕುತ್ತಾರಂತೆ — ಲೇ ನೀಲಾ, ಬಾ ಇಲ್ಲಿ, ಚನ್ನರಾಯಪಟ್ಟಣದ ಆಚಾರಿ ಬಂದವ್ನೆ, ನೀನೇ ನೋಡಿ ಆರ್ಸು, ಪೈಲ್ವಾನನ ಮಗಳಲ್ವಾ ನೀನು. ಗಂಡನ ದನಿ. ಪಾಲಾಕ್ಷಯ್ಯನ ದನಿಗೆ ಈ ನಡುವೆ ಒಂದು ಹುರುಪು ಬಂದಿದೆ, ಜವಳಿ ಅಂಗಡಿಯಲ್ಲಿ ಹೊಸ ಥಾನು ಬಿಚ್ಚುವಾಗಿನ ಹುರುಪು. ಮನೇಲೇ ಗರಡಿ ಮಾಡ್ಕೋತೀನಿ ಅಂದದ್ದು ಯುಗಾದಿ ಕಳೆದ ಮೇಲೆ, ಡಾಕ್ಟ್ರು ಹೇಳವ್ರೆ ಕಣೆ, ಅಂಗಡಿ ಗಲ್ಲದ ಮೇಲೆ ಕೂತು ಕೂತು ಹೊಟ್ಟೆ ಬಂದದೆ ಅಂತ — ಹೊಟ್ಟೆ ಬಂದು ಯಾವ ಕಾಲವಾಯಿತು, ಆಗ ಹೇಳದ ಡಾಕ್ಟರು ಈಗ್ಯಾಕೆ ಹೇಳಿದರೋ, ಅವಳು ಕೇಳಲಿಲ್ಲ, ಕೇಳುವುದು ಬಿಟ್ಟೇ ಎಷ್ಟೋ ದಿನವಾಗಿದೆ. ಪಡಸಾಲೆ ಪಕ್ಕದ ಅವಳ ಕೋಣೆಯೇ ಗರಡಿಗೆ ಸರಿ ಅಂತ ತೀರ್ಮಾನವಾಯಿತು, ಅವಳ ಟ್ರಂಕು, ಅವಳ ಹಾಸಿಗೆ ನಡುಮನೆಗೆ ಬಂದವು, ಅತ್ತೆ ಬಸವಲಿಂಗಮ್ಮನೇ ಮುಂದೆ ನಿಂತು ಸಾಗಿಸಿದರು, ನಿಂಗ್ಯಾಕವ್ವ ಅಷ್ಟು ದೊಡ್ಡ ಕ್ವಾಣೆ, ಮಕ್ಳಾ ಮರೀನಾ, ಅಂದು ನಕ್ಕರು, ಆ ನಗು ಇನ್ನೂ ನಡುಮನೆಯ ಮೂಲೆಯಲ್ಲೇ ಬಿದ್ದಿದೆ, ಗುಡಿಸಿದರೂ ಹೋಗದು.

ಪಡಸಾಲೆಯ ಕಂಬಕ್ಕೊರಗಿಸಿ ಇಟ್ಟಿದ್ದಾನೆ ಸಿದ್ದಾಚಾರಿ, ಒಂದು ಗದೆ, ಸಾಮು ಹೊಡೆಯುವುದಕ್ಕೆ ಒಂದು ಮಣೆ, ಕೈಗೊಂದರಂತೆ ಹಿಡಿದು ತಲೆಯ ಸುತ್ತ ತಿರುಗಿಸುವುದಕ್ಕೆ ಮರದ ಲೋಡು ಎರಡು ಜೋಡಿ, ಅಂಗಳದಲ್ಲಿ ಕೊರವಂಗಲದಿಂದ ಗಾಡಿಯಲ್ಲಿ ತರಿಸಿದ ಗುಂಡುಕಲ್ಲು ತಣ್ಣಗೆ ಕೂತಿದೆ, ಕಬ್ಬಿಣದ ಡಂಬೆಲ್ಸ್ ಮಾತ್ರ ಸಿಗಲಿಲ್ಲ, ಕಬ್ಬಿಣ ಎಲ್ಲಾ ಯುದ್ಧಕ್ಕೆ ಓಯ್ತು ಸಾ, ನಮ್ ಉಳೀನೂ ಕಿತ್ಕಂಡೋಯ್ತಾರೆ ಇನ್ನೇನು. ಅವಳು ಗದೆ ಎತ್ತಿ ನೋಡಿದಳು, ಹಿಡಿ ಸಣ್ಣ, ಅಂಗೈ ಬೆವರಿದರೆ ಜಾರುತ್ತದೆ, ಬೇಡ, ಮಣೆ ಇರಲಿ, ಕಲ್ಲು — ಕಲ್ಲು ಬೇಡ ಅಂದರೂ ಇನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ. ಹೇಳುತ್ತಾ ಹೇಳುತ್ತಾ ಅವಳಿಗೇ ಒಂದು ಸುಖ, ಬಹಳ ದಿನದ ಮೇಲೆ ಈ ಮನೆಯಲ್ಲಿ ಅವಳ ಮಾತಿಗೆ ಗಂಡಸರು ತಲೆಯಾಡಿಸುತ್ತಿದ್ದಾರೆ, ಆಗಲೇ ಸಿದ್ದಾಚಾರಿ ಎಲೆಅಡಿಕೆ ಉಗಿದು ಬಂದು, ನಿಮ್ಮಂಥೋರು ಅಪ್ರೂಪ ಕಣ್ರವ್ವ, ಬ್ಯಾರೆ ಎಂಗಸ್ರಾಗಿದ್ರೆ, ಗಂಡ ಎರಡ್ನೇ ಮದ್ವೆಗೆ ಮೈ ಕಟ್ತಾನೆ ಅಂದ್ರೆ ಈ ಲೋಡ್ನೇ ತಕ್ಕೊಂಡು ತಲೆಗೆ ಬುಡೋರು, ಎಣ್ಣು ಕೊಡೋ ಆ ಅರಕಲಗೂಡ್ನೋರು ಬಲೇ ಜನ, ಅಳಿಯ ಆಗೋನು ನಿಶ್ಚಯದ ದಿನ ಮಾವನ ಲೋಡು ತಿರುಗ್ಸಿದ್ ಮ್ಯಾಲೇನೇ ಅವ್ರ ಮನೇಲಿ ಎಲೆ ಆಕಾದು — ಪಾಲಾಕ್ಷಯ್ಯ ಕೆಮ್ಮಿದ. ಒಂದು ಸಲ ಕೆಮ್ಮಿ, ಸಾಲದೆಂಬಂತೆ ಇನ್ನೊಂದು ಸಲ. ಅವ್ಳಿಗೆ ನಿಧಾನಕ್ಕೆ ಹೇಳಾಣ ಅಂತಿದ್ದೆ ಆಚಾರಿ. ಅಯ್ಯೋ ಶಿವನೇ, ಅವ್ವಾರಿಗೆ ಗೊತ್ತಿಲ್ವಾ. ಈಗ ಗೊತ್ತಾಯ್ತಲ್ಲ ಬುಡಿ, ಎಂದರು ಒಳಗಿನಿಂದ ಬಸವಲಿಂಗಮ್ಮ, ಬತ್ತಿ ಹೊಸೆಯುತ್ತ, ತಲೆ ಎತ್ತದೆ. ಓಹೋ, ಅದಕ್ಕೇ ಟ್ರಂಕು, ಅದಕ್ಕೇ ಕೋಣೆ, ಇವತ್ತು ಗರಡಿ, ನಾಳೆ ಗರಡಿ ಎತ್ತಿಸಿ ಮಂಚ, ಅರಕಲಗೂಡಿನ ಆ ಹುಡುಗಿ ನನ್ನ ಕೋಣೆಯಲ್ಲಿ ಮಲಗಿ ನನ್ನ ಕಿಟಕಿಯಿಂದಲೇ ಬೆಳಕು ನೋಡುತ್ತಾಳೆ, ಅದಕ್ಕೆ ಬೇಕಾದ ಸಾಮಾನನ್ನು ನಾನೇ ತಟ್ಟಿ ಕುಟ್ಟಿ ಆರಿಸುತ್ತಾ ನಿಂತಿದ್ದೇನೆ, ಹಿಡಿ ಸಣ್ಣ ಅಂತೆ, ಅಂಗೈ ಬೆವರುತ್ತದಂತೆ.

ನಾಚಿಕೆ ಮುಚ್ಚಿಕೊಳ್ಳಲು ಪಾಲಾಕ್ಷಯ್ಯ ಜೋರಾಗಿ ಮಾತಾಡುತ್ತಾನೆ, ಅದು ಅವನ ಅಭ್ಯಾಸ — ಅರಕಲಗೂಡ್ನೋರು ಏನ್ ಮಹಾ ಆಚಾರಿ, ಹೊಳೆನರಸೀಪುರದ ಪಂಚಾಕ್ಷರಯ್ಯನ ಲೋಡನ್ನೇ ಹೂವಿನಂಗೆ ತಿರುಗ್ಸಿ ಇವಳ್ನ ಗೆದ್ದೋನು ನಾನು, ಬೇಕಾದ್ರೆ ಇವಳ್ನೇ ಕೇಳು. ಹೂವಿನಂಗೆ. ಎಲ್ಲ ಮದುವೆ ಪಂಕ್ತಿಯಲ್ಲೂ ಈ ಕತೆ, ಅವಳು ತುಪ್ಪ ಬಡಿಸುತ್ತಾ ಕೇಳಿದ್ದಾಳೆ, ಒಂದು ದಿನವೂ ತುಟಿ ಬಿಚ್ಚಿಲ್ಲ. ತನ್ನ ನಿಶ್ಚಯದ ದಿನ ಬಾಗಿಲ ಸಂದಿಯಿಂದ ನೋಡಿದ್ದಳು, ಹಾಲಿನ ಲೋಟ ಹಿಡಿದ ಅವನ ಮಣಿಕಟ್ಟು, ಬಟ್ಟೆ ಅಳೆಯುವ ಗಜಕಡ್ಡಿಯಷ್ಟೇ ಸಪೂರ, ಪಾಪ ಅನ್ನಿಸಿತ್ತು, ಪಾಪ ಮಾತ್ರವೇ ಆಗಿದ್ದರೆ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದಳು, ಆದರೆ ಅವನ ಕಣ್ಣು ಅವಳಿಗೆ ಇಷ್ಟವಾಗಿತ್ತು. ಹಿತ್ತಿಲಿಂದ ಗರಡಿಗೆ ಓಡಿದಳು, ದಸರೆಯ ಮೆರವಣಿಗೆಯಲ್ಲಿ ಊರೆಲ್ಲ ತಿರುಗಿಸಿಕೊಂಡು ಹೋಗುವುದಕ್ಕೆಂದು ಅಪ್ಪ ಬೂರುಗದ ಮರದಲ್ಲಿ ಮಾಡಿಸಿ ಕಪ್ಪು ಬಳಿಸಿದ್ದ ಹಗುರ ಜೋಡಿ, ಅದನ್ನು ತಂದು ಅಪ್ಪನ ಬೀಟೆ ಲೋಡಿನ ಜಾಗದಲ್ಲಿ ಇಟ್ಟು ಬೀಟೆಯದನ್ನು ಮೂಟೆಯ ಹಿಂದೆ ತಳ್ಳಿದಳು, ಆ ಭಾರಕ್ಕೆ ಅವಳ ತೋಳು ಬಿದ್ದೇ ಹೋಗಿತ್ತು. ಅವನು ತಿರುಗಿಸಿದ, ಕೂತವರು ಶಹಭಾಸ್ ಅಂದರು, ನೆಲಕ್ಕಿಟ್ಟಾಗ ಆದ ಸದ್ದಿಗೇ ಅಪ್ಪನಿಗೆ ತಿಳಿಯಿತು, ಬಾಗಿಲ ಕಡೆ ನೋಡಿದ, ಮೀಸೆ ಕಚ್ಚಿದ, ಆಮೇಲೆ ಒಂದೇ ಮಾತು, ನಿನ್ನಿಷ್ಟ ಕಣವ್ವ, ಮಣಿಕಟ್ಟು ನೋಡಿದೀಯ ತಾನೆ. ನೋಡಿದ್ದೆ ಅಪ್ಪಾ.

ನೀಲಾ, ನಿಮ್ಮಪ್ಪನ ಲೋಡಿನ ತೂಕದ್ದು ಇದ್ರಲ್ಲಿ ಯಾವ್ದು ಹೇಳು, ಅದನ್ನೇ ಇಟ್ಕೊಳ್ಳಾಣ. ಎರಡು ಜೋಡಿ. ಒಂದು ಹಗುರ, ಕಲಿಯುವವರದು, ಆ ಕೈಗೆ ಅದೇ ತಕ್ಕದ್ದು. ಇನ್ನೊಂದನ್ನು ಎತ್ತಿದ ಕೂಡಲೆ ಭುಜಕ್ಕೆ ಗುರುತು ಹತ್ತಿತು, ಅವತ್ತು ಮೂಟೆಯ ಹಿಂದೆ ತಳ್ಳಿದ್ದೂ ಇಷ್ಟೇ ಭಾರ. ಸುಳ್ಳು ಹೇಳಬೇಕಿಲ್ಲ, ಅದೇ ಸೋಜಿಗ, ಅವನು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟರೆ ಸಾಕು. ಇದೇ, ಅಂದಳು, ನಮ್ಮಪ್ಪನದು ಇದೇ ತೂಕ. ಸಿದ್ದಾಚಾರಿ ತಲೆ ಕೆರೆದ, ಬುದ್ಧೀ, ಮೊದ್ಲು ಅಗೂರದ್ರಲ್ಲಿ ಒಂದೀಟು ದಿನ — ಸುಮ್ನಿರಯ್ಯ, ಕಂಡಿದೀನಿ. ಪಾಲಾಕ್ಷಯ್ಯ ಪಂಚೆ ಮೇಲೆ ಕಟ್ಟಿದ, ಅಂಗಿಯ ತೋಳು ಏರಿಸಿದ, ಎತ್ತಿದ, ಮುಖದಲ್ಲಿ ಒಂದು ಗಾಬರಿ ಬಂದು ಹೋಯಿತು, ಆಚಾರಿ ನೋಡುತ್ತಿದ್ದಾನೆ, ಇನ್ನು ಇಳಿಸುವಂತಿಲ್ಲ, ಎದೆಯ ಮುಂದೆ ಇರುವವರೆಗೆ ತೋಳು ಹೊರುತ್ತದೆ ಮಗಾ, ತಲೆ ಹಿಂದಕ್ಕೆ ಹೋದಮೇಲೆ ಎಲ್ಲಾ ಮಣಿಕಟ್ಟೇ, ಅದು ಸೋತರೆ ಲೋಡು ತಲೆಗೇ, ಅಪ್ಪ ಹುಡುಗರಿಗೆ ಹೇಳುತ್ತಿದ್ದ — ಬ್ಯಾಡ ಇಳಿಸ್ರೀ ಅನ್ನಬಹುದು, ಈಗಲೂ ಅನ್ನಬಹುದು, ಮಾತು ನಾಲಗೆಯ ಮೇಲೇ ಇದೆ, ಅವಳು ಅದನ್ನು ಅಲ್ಲೇ ಹಿಡಿದು ನಿಂತಿದ್ದಾಳೆ, ಲೋಡು ಭುಜ ದಾಟಿತು, ತಲೆಯ ಹಿಂದಕ್ಕೆ ಹೋಯಿತು, ಕಾಣುವುದಿಲ್ಲ, ಕಾಣುತ್ತಿರುವುದು ಮಣಿಕಟ್ಟು, ಸಪೂರ, ಬಿಳಿಚಿದ್ದು, ಹಿಂದಕ್ಕೆ ಮಡಚುತ್ತಾ, ಮಣಿಕಟ್ಟು, ಇನ್ನಷ್ಟು ಮಡಚುತ್ತಾ, ಆ ಮಣಿಕಟ್ಟು —